ಕೊಂಬೆ ಅಲುಗಿದರೆ ಎಚ್ಚರಿಕೆ, ಮನುಷ್ಯ ಬಂದರೆ ಮೌನ: ಚಲನೆಯ ಪತ್ತೆ ಹೇಗೆ ನಡೆಯುತ್ತದೆ?

ಪ್ರಶ್ನೆ: ಸಾಮಾನು ತುಂಬಿದ ಒಂದು ಶೆಡ್ಡಿನ ಬಾಗಿಲ ಮೇಲೆ ಚಲನೆ ಗುರುತಿಸುವ ಪಿಐಆರ್ ಸೆನ್ಸರನ್ನೂ ಅದರ ಪಕ್ಕದಲ್ಲಿ ರಾತ್ರಿಯೂ ಚಿತ್ರ ತೆಗೆಯುವ ಕ್ಯಾಮೆರಾವನ್ನೂ ಅಳವಡಿಸಿದ್ದೇನೆ. ಗೇಟಿನಿಂದ ನೇರವಾಗಿ ಬಾಗಿಲ ಕಡೆಗೆ ನಡೆದು ಬರುವವರನ್ನು ಸೆನ್ಸರ್ ತೀರ ಹತ್ತಿರ ಬರುವವರೆಗೆ ಗುರುತಿಸುವುದಿಲ್ಲ. ಬಿಸಿಲು ಹೊತ್ತಿನಲ್ಲಿ ಇನ್ನೂ ಕಷ್ಟ. ಕ್ಯಾಮೆರಾದ ಸಮಸ್ಯೆ ಇದಕ್ಕೆ ತದ್ವಿರುದ್ಧ: ಗಾಳಿಗೆ ಮರದ ಕೊಂಬೆ ಆಡಿದರೂ, ಮೋಡ ಸರಿದರೂ, ರಾತ್ರಿ ಹುಳ ಹಾರಿದರೂ ಎಚ್ಚರಿಕೆ ಬರುತ್ತದೆ. ಇವೆರಡೂ ಚಲನೆಯನ್ನು ಕಂಡುಹಿಡಿಯುವುದು ಹೇಗೆ? ಎರಡರಲ್ಲಿ ಯಾವುದನ್ನು ನಂಬಬೇಕು? ಮನುಷ್ಯ ಅಥವಾ ವಾಹನ ಚಲಿಸಿದಾಗ ಮಾತ್ರ ತಿಳಿಯುವಂತೆ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಎರಡೂ ಉಪಕರಣಗಳು ಕೆಟ್ಟಿಲ್ಲ. ಎರಡೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿವೆ. ಆ ಕೆಲಸ ಏನೆಂಬುದನ್ನು ಮಾರುವವರು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆಯುವುದಿಲ್ಲ, ಅಷ್ಟೇ. ರಾಡಾರ್ ಒಂದನ್ನು ಬಿಟ್ಟರೆ, ಸಾಮಾನ್ಯ ಬಳಕೆಯ ಯಾವ ಸೆನ್ಸರೂ ಚಲನೆಯನ್ನು ನೇರವಾಗಿ ಅಳೆಯುವುದಿಲ್ಲ. ಪ್ರತಿಯೊಂದೂ ಶಾಖ, ಬೆಳಕು, ಪ್ರತಿಧ್ವನಿ ಇವುಗಳಲ್ಲಿ ಯಾವುದಾದರೊಂದರ ಬದಲಾವಣೆಯನ್ನು ಗಮನಿಸುತ್ತದೆ. ಆ ಬದಲಾವಣೆಗೆ ಕಾರಣ ಏನಾದರೂ ಚಲಿಸಿದ್ದೇ ಇರಬೇಕೆಂದು ನಾವು ಊಹಿಸಿಕೊಳ್ಳುತ್ತೇವೆ. ಆದ್ದರಿಂದ ಯಾವುದು ಒಳ್ಳೆಯ ಸೆನ್ಸರ್ ಎಂದು ಕೇಳುವುದಕ್ಕಿಂತ, ನನಗೆ ಬೇಕಾದ ಘಟನೆ ಉಂಟುಮಾಡುವ ಯಾವ ಬದಲಾವಣೆಯನ್ನು ಬೇಡದ ಘಟನೆಗಳು ಉಂಟುಮಾಡುವುದಿಲ್ಲ ಎಂದು ಕೇಳಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಈ ಒಂದು ಪ್ರಶ್ನೆಯ ಮೂಲಕವೇ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲು ಪಿಐಆರ್. ಇದರ ಪೂರ್ಣ ಹೆಸರು ಪ್ಯಾಸಿವ್ ಇನ್‌ಫ್ರಾರೆಡ್. ತಾನಾಗಿ ಯಾವ ಕಿರಣವನ್ನೂ ಹೊರಸೂಸದೆ, ಎದುರಿನ ವಸ್ತುಗಳು ಸೂಸುವ ಅವಕೆಂಪು ಕಿರಣವನ್ನು ಸುಮ್ಮನೆ ಸ್ವೀಕರಿಸುವುದರಿಂದ 'ಪ್ಯಾಸಿವ್' ಎಂಬ ಹೆಸರು ಬಂದಿದೆ. ಸುಮಾರು 34 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಮನುಷ್ಯನ ಚರ್ಮ ಸೂಸುವ ಶಾಖ ಕಿರಣದ ಪ್ರಮಾಣ 9.4 ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಹೆಚ್ಚು. ಸೆನ್ಸರಿನ ಪುಟ್ಟ ಲೋಹದ ಡಬ್ಬಿಯ ಕಿಟಕಿಯ ಮೇಲಿರುವ ಶೋಧಕವು ಈ ವ್ಯಾಪ್ತಿಯ ಕಿರಣಗಳನ್ನು ಮಾತ್ರ ಒಳಗೆ ಬಿಟ್ಟು, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ. ಇಲ್ಲೇ ಒಂದು ಗೊಂದಲವನ್ನು ಬಗೆಹರಿಸಿಬಿಡುತ್ತೇನೆ, ಏಕೆಂದರೆ ಬಹಳ ಜನ ಇದರಲ್ಲಿ ಎಡವುತ್ತಾರೆ. ನಿಮ್ಮ ಕ್ಯಾಮೆರಾದ ಸುತ್ತ ರಾತ್ರಿ ಉರಿಯುವ ಅವಕೆಂಪು ದೀಪಗಳ ತರಂಗಾಂತರ ಸಾಮಾನ್ಯವಾಗಿ 850 ನ್ಯಾನೊಮೀಟರ್, ಅಂದರೆ 0.85 ಮೈಕ್ರೊಮೀಟರ್. ಹೆಸರು ಎರಡಕ್ಕೂ ಅವಕೆಂಪು ಎಂದೇ ಇದ್ದರೂ ಇವುಗಳ ನಡುವೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ. ಕ್ಯಾಮೆರಾದ ದೀಪ ಪಿಐಆರ್ ಸೆನ್ಸರಿಗೆ ಕಾಣುವುದಿಲ್ಲ. ಮನುಷ್ಯನ ಮೈಶಾಖ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಿಟಕಿಯ ಗಾಜು 850 ನ್ಯಾನೊಮೀಟರನ್ನು ಸರಾಗವಾಗಿ ಬಿಡುತ್ತದೆ, ಆದರೆ ಮೈಶಾಖದ ತರಂಗಾಂತರವನ್ನು ಗೋಡೆಯಂತೆ ತಡೆಯುತ್ತದೆ. ಗಾಜಿನ ಹಿಂದೆ ಕೂರಿಸಿದ ಪಿಐಆರ್ ಸೆನ್ಸರ್ ಹೊರಗಿನ ಯಾರನ್ನೂ ಕಾಣದಿರುವುದು ಇದೇ ಕಾರಣಕ್ಕೆ.

ನಿಮ್ಮ ಸೆನ್ಸರಿನ ಬಿಳಿ ಗುಮ್ಮಟವನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಕೆಳಗಿನ ಲೋಹದ ಡಬ್ಬಿಯಲ್ಲಿ ಆಯತಾಕಾರದ ಕಪ್ಪು ಕಿಟಕಿ ಕಾಣುತ್ತದೆ. ಅದರ ಹಿಂದೆ ಪೈರೊಎಲೆಕ್ಟ್ರಿಕ್ ವಸ್ತುವಿನ ಎರಡು ಚಿಕ್ಕ ತುಣುಕುಗಳು ಅಕ್ಕಪಕ್ಕದಲ್ಲಿರುತ್ತವೆ. ಈ ವಸ್ತುವಿನ ವಿಶೇಷವೆಂದರೆ, ಅದರ ಉಷ್ಣತೆ ಬದಲಾಗುತ್ತಿರುವಾಗ ಮಾತ್ರ ಅದರ ಮೇಲ್ಮೈಯಲ್ಲಿ ವಿದ್ಯುದಾವೇಶ ಹುಟ್ಟುತ್ತದೆ; ಉಷ್ಣತೆ ಎಷ್ಟೇ ಹೆಚ್ಚಿರಲಿ, ಸ್ಥಿರವಾಗಿದ್ದರೆ ಅದು ಮೌನವಾಗಿರುತ್ತದೆ. ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಸಿರುವುದರಿಂದ, ಬಿಸಿಲೇರಿ ಇಡೀ ಅಂಗಳ ನಿಧಾನವಾಗಿ ಕಾದರೆ ಎರಡರ ಸಂಕೇತಗಳೂ ಒಂದನ್ನೊಂದು ರದ್ದುಮಾಡಿಕೊಳ್ಳುತ್ತವೆ. ಬಿಸಿ ಮೈಯೊಂದು ಅಡ್ಡಲಾಗಿ ಹಾದುಹೋದಾಗ ಮಾತ್ರ ಮೊದಲು ಒಂದು ತುಣುಕು, ಆಮೇಲೆ ಇನ್ನೊಂದು ತುಣುಕು ಬಿಸಿಯಾಗುತ್ತದೆ. ಸಂಕೇತವು ಒಮ್ಮೆ ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. ಈ ಏರಿಳಿತವೇ ಸೆನ್ಸರಿನ ಭಾಷೆಯಲ್ಲಿ ಚಲನೆ.

ಬಿಡಿಸಿಟ್ಟ ಗುಮ್ಮಟವನ್ನು ಬೆಳಕಿಗೆ ಹಿಡಿದು ನೋಡಿ. ಅದರ ಒಳಮೈಯಲ್ಲಿ ಜೇನುಗೂಡಿನಂತೆ ಹಲವು ಚಿಕ್ಕ ಮಸೂರಗಳಿವೆ. ಇವು ಫ್ರೆನೆಲ್ ಮಸೂರಗಳು. ಅವಕೆಂಪು ಕಿರಣವನ್ನು ಹಾಯಗೊಡುವ ಪಾಲಿಥೀನ್‌ನಿಂದ ಮಾಡಿದವು. ಪ್ರತಿ ಮಸೂರವೂ ಎದುರಿನ ಜಾಗದ ಒಂದೊಂದು ಕಿರಿದಾದ ಪಟ್ಟಿಯನ್ನು ಆ ಎರಡು ತುಣುಕುಗಳ ಮೇಲೆ ಕೇಂದ್ರೀಕರಿಸುತ್ತದೆ. ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನು ಊಹಿಸಿಕೊಳ್ಳಿ: ಒಂದು ಪಟ್ಟಿ ಕಾಣುತ್ತದೆ, ಮುಂದಿನ ಎಡೆ ಕಾಣುವುದಿಲ್ಲ, ಮತ್ತೊಂದು ಕಾಣುತ್ತದೆ. ಅಡ್ಡಲಾಗಿ ನಡೆಯುವವನು ನಾಲ್ಕು ಹೆಜ್ಜೆಯಲ್ಲಿ ಹಲವು ಪಟ್ಟಿಗಳನ್ನು ದಾಟಿ ಹಲವು ಏರಿಳಿತಗಳನ್ನು ಹುಟ್ಟಿಸುತ್ತಾನೆ. ಸೆನ್ಸರಿನ ಕಡೆಗೆ ನೇರವಾಗಿ ನಡೆದು ಬರುವವನಾದರೋ ಒಂದೇ ಪಟ್ಟಿಯೊಳಗೇ ಉಳಿದು, ನಿಧಾನವಾಗಿ ದೊಡ್ಡದಾಗುತ್ತ ಹೋಗುತ್ತಾನೆ. ಎರಡೂ ತುಣುಕುಗಳು ಹೆಚ್ಚುಕಡಿಮೆ ಒಟ್ಟಿಗೇ ಕಾಯುತ್ತವೆ, ಸಂಕೇತ ರದ್ದಾಗುತ್ತದೆ. ನಿಮ್ಮ ಗೇಟಿನಿಂದ ಬಾಗಿಲವರೆಗಿನ ದಾರಿ ಸೆನ್ಸರಿಗೆ ಸರಿಯಾಗಿ ಎದುರಾಗಿದೆ. ಅದೇ ಸೆನ್ಸರನ್ನು ಪಕ್ಕದ ಗೋಡೆಗೆ ಸರಿಸಿ, ದಾರಿಯನ್ನು ಅಡ್ಡಲಾಗಿ ನೋಡುವಂತೆ ಕೂರಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಅದರ ವರ್ತನೆಯೇ ಬದಲಾಗುತ್ತದೆ. ನನ್ನನ್ನು ಕೇಳಿದರೆ, ಪಿಐಆರ್ ಬಗ್ಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಸೆನ್ಸರಿನದಲ್ಲ, ಅದನ್ನು ಕೂರಿಸಿದ ಜಾಗದ್ದು.

ಬಿಸಿಲು ಹೊತ್ತಿನ ತೊಂದರೆಗೂ ಕಾರಣ ಇದೇ ತತ್ವದಲ್ಲಿದೆ. ಸೆನ್ಸರ್ ಗಮನಿಸುವುದು ಮೈಶಾಖವನ್ನಲ್ಲ, ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ಅಂತರವನ್ನು. ಬಿಸಿಲಿಗೆ ಕಾದ ಗೋಡೆಯೋ ನೆಲವೋ ಚರ್ಮದ ಉಷ್ಣತೆಯ ಹತ್ತಿರಕ್ಕೆ ಬಂದಾಗ ಆ ಅಂತರ ಕರಗಿಹೋಗಿ ಸೆನ್ಸರಿನ ದೃಷ್ಟಿ ಕುಂದುತ್ತದೆ. ಚಳಿಯ ರಾತ್ರಿಯಲ್ಲಿ ಅಂತರ ಹೆಚ್ಚುವುದರಿಂದ ಅದೇ ಸೆನ್ಸರ್ ಇನ್ನಷ್ಟು ದೂರದವರೆಗೆ ಕಾಣುತ್ತದೆ. ಹಗಲಿನಲ್ಲಿ ಲೆಕ್ಕಕ್ಕೆ ಬಾರದ ಬೆಕ್ಕು ರಾತ್ರಿ ಎಚ್ಚರಿಕೆ ಎಬ್ಬಿಸುವುದು ಹೀಗೆ. ಆದ್ದರಿಂದ ಸೂಕ್ಷ್ಮತೆಯನ್ನು ಬೆಳಗಿನ ತಂಪಿನಲ್ಲಿ ಹೊಂದಿಸಿ ಕೆಲಸ ಮುಗಿಯಿತೆಂದು ಕೂರಬಾರದು. ಬೆಕ್ಕು, ನಾಯಿಗಳ ಕಾಟಕ್ಕೆ ಸೂಕ್ಷ್ಮತೆ ತಗ್ಗಿಸುವುದಕ್ಕಿಂತ ಉತ್ತಮವಾದ ಉಪಾಯವಿದೆ: ಸೆನ್ಸರನ್ನು ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿಟ್ಟು, ನೆಲಕ್ಕೆ ಹತ್ತಿರದ ಪಟ್ಟಿಗಳನ್ನು ನೋಡುವ ಕೆಳಸಾಲಿನ ಮಸೂರಗಳ ಮೇಲೆ ಅಪಾರದರ್ಶಕ ಟೇಪು ಅಂಟಿಸಿ. ರಸ್ತೆಯ ಕಡೆಯ ಒಂದು ಮೂಲೆ ಬೇಡವೆಂದಿದ್ದರೂ ಇದೇ ಟೇಪು ಸಾಕು.

ನೀವು ಬಳಸಿರುವುದು ಹವ್ಯಾಸಿಗಳಲ್ಲಿ ಪ್ರಚಲಿತವಾದ ಎಚ್‌ಸಿ-ಎಸ್ಆರ್501 ಮಾಡ್ಯೂಲ್ ಆಗಿದ್ದರೆ ಇನ್ನೂ ನಾಲ್ಕು ಸಂಗತಿ ಗಮನಿಸಿ. ವಿದ್ಯುತ್ ಕೊಟ್ಟ ಮೇಲೆ ಸುಮಾರು ಒಂದು ನಿಮಿಷ ಅದು ಸುತ್ತಲಿನ ಶಾಖಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಆ ಅವಧಿಯ ಸಂಕೇತಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹಲಗೆಯ ಮೇಲಿನ ಎರಡು ತಿರುಪುಗಳಲ್ಲಿ ಒಂದು ದೂರವನ್ನು ಸುಮಾರು 3ರಿಂದ 7 ಮೀಟರ್‌ವರೆಗೆ, ಇನ್ನೊಂದು ಸಂಕೇತ ಉಳಿಯುವ ಹೊತ್ತನ್ನು ಕೆಲವು ಸೆಕೆಂಡುಗಳಿಂದ ಸುಮಾರು 5 ನಿಮಿಷದವರೆಗೆ ಬದಲಿಸುತ್ತದೆ. ಸಂಕೇತ ಇಳಿದ ಬಳಿಕ ಎರಡು-ಮೂರು ಸೆಕೆಂಡು ಅದು ಏನನ್ನೂ ಗಮನಿಸುವುದಿಲ್ಲ. ಪರೀಕ್ಷೆ ಮಾಡುವಾಗ ಈ ಬಿಡುವನ್ನು ಮರೆತು ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಿದವರನ್ನು ನಾನು ಕಂಡಿದ್ದೇನೆ. ನಾಲ್ಕನೆಯದು, ವೈ-ಫೈ ಇರುವ ಹಲಗೆಯನ್ನು ಇದಕ್ಕೆ ಒತ್ತಿಕೊಂಡಂತೆ ಇಟ್ಟರೆ ರೇಡಿಯೊ ಅಡಚಣೆಯಿಂದ ಯಾರೂ ಇಲ್ಲದಿದ್ದರೂ ಸಂಕೇತ ಬರುತ್ತಲೇ ಇರುತ್ತದೆ. ನಡುವೆ ಒಂದು ಗೇಣು ಅಂತರವಿಡಿ.

ಈಗ ರಾಡಾರ್. ಇದು ತಾನೇ ಮೈಕ್ರೊವೇವ್ ಅಲೆಗಳನ್ನು ಹೊರಸೂಸಿ, ಮರಳಿ ಬಂದ ಅಲೆಯ ಆವೃತ್ತಿ ಎಷ್ಟು ಬದಲಾಗಿದೆ ಎಂದು ನೋಡುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಪರಿಣಾಮವೇ ಇದರ ಆಧಾರ. 10.525 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಒಂದು ಸಾಮಾನ್ಯ ಮಾಡ್ಯೂಲಿನ ಕಡೆಗೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೀವು ನಡೆದು ಬಂದರೆ ಮರಳುವ ಅಲೆಯಲ್ಲಿ ಸುಮಾರು 70 ಹರ್ಟ್ಸ್ ವ್ಯತ್ಯಾಸ ಕಾಣುತ್ತದೆ. ಎರಡು ಪಟ್ಟು ವೇಗವಾಗಿ ಬಂದರೆ 140. ಗಮನಿಸಬೇಕಾದ ಅಂಶವೆಂದರೆ, ರಾಡಾರ್ ಗುರುತಿಸುವುದು ಹತ್ತಿರ ಬರುವ ಅಥವಾ ದೂರ ಸರಿಯುವ ವೇಗವನ್ನು; ಸರಿಯಾಗಿ ಅಡ್ಡಲಾಗಿ ಹಾದುಹೋಗುವವನಿಂದ ಬರುವ ವ್ಯತ್ಯಾಸ ತೀರ ಕಡಿಮೆ. ಪಿಐಆರ್ ಎಲ್ಲಿ ಕುರುಡೋ ಅಲ್ಲಿ ರಾಡಾರ್‌ಗೆ ಕಣ್ಣಿದೆ, ರಾಡಾರ್ ಎಲ್ಲಿ ಕುರುಡೋ ಅಲ್ಲಿ ಪಿಐಆರ್‌ಗೆ ಕಣ್ಣಿದೆ. ಸೋಲುವ ಕಾರಣಗಳೂ ಬೇರೆ ಬೇರೆ. ಕಾದ ಗಾಳಿ ರಾಡಾರನ್ನು ಬಾಧಿಸುವುದಿಲ್ಲ. ಅಲುಗುವ ತಗಡು, ತಿರುಗುವ ಫ್ಯಾನು, ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿಯುವ ನೀರು, ತೆಳುಗೋಡೆಯ ಆಚೆ ನಡೆಯುವ ಜನ ಇವು ಬಾಧಿಸುತ್ತವೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಕೆಲವು ಸೆಕೆಂಡುಗಳ ಒಳಗೆ ಎರಡೂ ಒಪ್ಪಿದರೆ ಮಾತ್ರ ಎಚ್ಚರಿಕೆ ಕೊಡುವ ಡ್ಯುಯಲ್ ಸೆನ್ಸರುಗಳು ಹುಸಿ ಎಚ್ಚರಿಕೆಯನ್ನು ಬಹಳ ತಗ್ಗಿಸುವುದಕ್ಕೆ ಇದೇ ಕಾರಣ. ಆದರೆ ಇದಕ್ಕೊಂದು ಬೆಲೆಯೂ ಇದೆ: ಎರಡರಲ್ಲಿ ಒಂದು ತಪ್ಪಿಸಿಕೊಂಡರೂ ನಿಜವಾದ ಘಟನೆ ತಪ್ಪಿಹೋಗುತ್ತದೆ. ಬಾಗಿಲು ಬೆಳಗಿಸುವ ದೀಪಕ್ಕೆ ಎರಡರಲ್ಲಿ ಯಾವುದಾದರೊಂದು ಎಂಬ ನಿಯಮ ಸರಿ. ಮಲಗಿದವರನ್ನು ಎಬ್ಬಿಸುವ ಸೈರನ್ನಿಗೆ ಎರಡೂ ಎಂಬ ನಿಯಮ ಸರಿ.

ಇನ್ನೊಂದು ಬಗೆಯ ರಾಡಾರ್ 24 ಅಥವಾ 60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. 60 ಗಿಗಾಹರ್ಟ್ಸ್ ಅಲೆಯ ಉದ್ದ ಬರೀ 5 ಮಿಲಿಮೀಟರ್ ಆಗಿರುವುದರಿಂದ, ಸುಮ್ಮನೆ ಕೂತವರ ಎದೆ ಉಸಿರಾಟದಿಂದ ಏರಿಳಿಯುವುದನ್ನೂ ಅದು ಗುರುತಿಸಬಲ್ಲದು. ಓದುತ್ತ ಕೂತವರ ಮೇಲೆ ದೀಪ ಆರಿಹೋಗುವ ಕಾಟಕ್ಕೆ ಇದು ಒಳ್ಳೆಯ ಪರಿಹಾರ. ನಿಮ್ಮ ಅಂಗಳಕ್ಕೆ ಇದು ಅಗತ್ಯವಿಲ್ಲ. 40 ಕಿಲೊಹರ್ಟ್ಸ್‌ನ ಶ್ರವಣಾತೀತ ಧ್ವನಿಯಿಂದ ದೂರ ಅಳೆಯುವ ಸೆನ್ಸರುಗಳು ನಾಲ್ಕು ಮೀಟರ್ ಒಳಗೆ, ಕಿರಿದಾದ ದಾರಿಗಳಲ್ಲಿ ಉಪಯುಕ್ತ. ಬಯಲಿನಲ್ಲಿ, ಗಾಳಿಯಲ್ಲಿ ಅವುಗಳನ್ನು ನಂಬಬೇಡಿ.

ಕ್ಯಾಮೆರಾದ ವಿಷಯ ಹೆಚ್ಚು ವಿಸ್ತಾರವಾದದ್ದು, ನಿಮ್ಮ ನಿಜವಾದ ತೊಂದರೆಯೂ ಅಲ್ಲೇ ಇದೆ. ಕ್ಯಾಮೆರಾದಿಂದ ಬರುವುದು ಪಿಕ್ಸೆಲ್‌ಗಳ ಸಂಖ್ಯೆಗಳು ಮಾತ್ರ. ಚಲನೆಯನ್ನು ಪತ್ತೆಹಚ್ಚುವ ಅತಿ ಸರಳ ವಿಧಾನವೆಂದರೆ ಈಗಿನ ಚೌಕಟ್ಟಿನಿಂದ (ವಿಡಿಯೊದ ಒಂದು ಬಿಡಿ ಚಿತ್ರದಿಂದ) ಹಿಂದಿನ ಚೌಕಟ್ಟನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಕಳೆದು, ವ್ಯತ್ಯಾಸ ಒಂದು ಮಿತಿಯನ್ನು ದಾಟಿದ ಪಿಕ್ಸೆಲ್‌ಗಳನ್ನು ಎಣಿಸುವುದು. ಸೆಕೆಂಡಿಗೆ 25 ಚೌಕಟ್ಟು ತೆಗೆಯುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ನಡೆಯುವವನು ಎರಡು ಚೌಕಟ್ಟುಗಳ ನಡುವೆ 5.6 ಸೆಂಟಿಮೀಟರ್ ಸರಿದಿರುತ್ತಾನೆ. ಅವನ ಅಂಗಿ ಒಂದೇ ಬಣ್ಣದ್ದಾಗಿದ್ದರೆ ಅದರ ನಡುಭಾಗದಲ್ಲಿ ಅಂಗಿಯ ಬಣ್ಣದಿಂದ ಅಂಗಿಯ ಬಣ್ಣ ಕಳೆದುಹೋಗಿ ಏನೂ ಉಳಿಯುವುದಿಲ್ಲ. ಅಂಚುಗಳಲ್ಲಿ ಮಾತ್ರ ಎರಡು ಗೆರೆಗಳು ಉಳಿಯುತ್ತವೆ. ಇಡೀ ಮನುಷ್ಯ ಟೊಳ್ಳಾಗಿ ಕಾಣುತ್ತಾನೆ. ಅದೇ ವೇಳೆಗೆ, ಸಾವಿರ ಎಲೆಗಳಿರುವ ಒಂದು ಕೊಂಬೆ ಆಡಿದರೆ ಸಾವಿರ ಅಂಚುಗಳಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಬದಲಾದ ಪಿಕ್ಸೆಲ್‌ಗಳ ಎಣಿಕೆಯಲ್ಲಿ ಕೊಂಬೆ ಮನುಷ್ಯನಿಗಿಂತ ದೊಡ್ಡ ಘಟನೆಯಾಗಿಬಿಡುತ್ತದೆ. ನಿಮ್ಮ ಕ್ಯಾಮೆರಾ ಬಹುಶಃ ಇದನ್ನೇ, ಅಥವಾ ಇದಕ್ಕಿಂತ ಸ್ವಲ್ಪವೇ ಸುಧಾರಿಸಿದ ವಿಧಾನವನ್ನು ಬಳಸುತ್ತಿದೆ.

ಇದಕ್ಕಿಂತ ಉತ್ತಮವಾದದ್ದು ಹಿನ್ನೆಲೆಯ ಮಾದರಿಯನ್ನು ಕಟ್ಟುವುದು: ಯಾರೂ ಇಲ್ಲದ ಅಂಗಳ ಹೇಗೆ ಕಾಣುತ್ತದೆಂದು ಕಲಿತುಕೊಂಡು, ಬಂದ ಪ್ರತಿ ಚೌಕಟ್ಟನ್ನೂ ಅದರೊಂದಿಗೆ ಹೋಲಿಸುವುದು. ಬೆಳಕು ದಿನವಿಡೀ ಬದಲಾಗುವುದರಿಂದ ಈ ಮಾದರಿ ಸ್ವಲ್ಪ ಸ್ವಲ್ಪವಾಗಿ ಹೊಸದಾಗುತ್ತಲೂ ಇರಬೇಕು. ಪ್ರತಿ ಚೌಕಟ್ಟಿನಲ್ಲೂ ಹಳೆಯ ಮಾದರಿಯ ಶೇ 99 ಭಾಗಕ್ಕೆ ಹೊಸ ಚಿತ್ರದ ಶೇ 1 ಭಾಗವನ್ನು ಬೆರೆಸುತ್ತ ಹೋದರೆ ಮಾದರಿಯ ನೆನಪು ಸುಮಾರು 100 ಚೌಕಟ್ಟು, ಅಂದರೆ ನಾಲ್ಕು ಸೆಕೆಂಡು. ಇಲ್ಲಿ ನೀವು ಒಂದು ಕಷ್ಟದ ಆಯ್ಕೆಯನ್ನು ಎದುರಿಸುತ್ತೀರಿ. ನೆನಪು ಚಿಕ್ಕದಾದರೆ ಮೋಡದ ನೆರಳಿಗೆ ಮಾದರಿ ಬೇಗ ಹೊಂದಿಕೊಳ್ಳುತ್ತದೆ, ಆದರೆ ಬಾಗಿಲ ಬಳಿ ಅಲುಗದೆ ನಿಂತು ಬೀಗ ಮುರಿಯುವವನೂ ಕ್ರಮೇಣ ಹಿನ್ನೆಲೆಯೊಳಗೆ ಕರಗಿಹೋಗುತ್ತಾನೆ. ಅವನು ಹೊರಟುಹೋದ ಮೇಲೆ ಅವನು ನಿಂತಿದ್ದ ಖಾಲಿ ಜಾಗವೇ ಹೊಸ ವಸ್ತುವಿನಂತೆ ಕೆಲಹೊತ್ತು ಕಾಣಿಸುತ್ತದೆ. ನೆನಪು ದೊಡ್ಡದಾದರೆ ನಿಂತವನು ಉಳಿಯುತ್ತಾನೆ, ಆದರೆ ಬಂದು ನಿಂತ ಒಂದು ವಾಹನ ಬಹಳ ಹೊತ್ತು ಚಲನೆಯ ಲೆಕ್ಕದಲ್ಲೇ ಇರುತ್ತದೆ.

ಕೊಂಬೆಯ ಸಮಸ್ಯೆಗೆ ಒಂದು ಸುಂದರವಾದ ಉತ್ತರವನ್ನು 1999ರಲ್ಲಿ ಸಂಶೋಧಕರಾದ ಸ್ಟಾಫರ್ ಮತ್ತು ಗ್ರಿಮ್ಸನ್ ಕೊಟ್ಟರು. ಎಲೆಯ ಅಂಚಿನಲ್ಲಿರುವ ಒಂದೇ ಒಂದು ಪಿಕ್ಸೆಲನ್ನು ಗಮನಿಸಿ: ಅದು ಒಮ್ಮೆ ಎಲೆಯ ಹಸಿರು, ಒಮ್ಮೆ ಹಿಂದಿನ ಆಕಾಶದ ಬಿಳುಪು. ಇವೆರಡರ ಸರಾಸರಿ ತೆಗೆದರೆ ಎಂದೂ ಅಲ್ಲಿ ಕಾಣದ ಮಾಸಲು ಬಣ್ಣವೊಂದು ಬರುತ್ತದೆ. ಹಸಿರೂ ಬಿಳುಪೂ ಎರಡೂ ಅದಕ್ಕೆ ಹೊರತಾಗಿ, ಎರಡೂ ಚಲನೆಯೆನಿಸುತ್ತವೆ. ಪ್ರತಿ ಪಿಕ್ಸೆಲ್‌ಗೂ ಒಂದೇ ಸರಾಸರಿಯ ಬದಲು ಮೂರರಿಂದ ಐದು ಗಾಸಿಯನ್ ಹಂಚಿಕೆಗಳನ್ನು (ಪ್ರತಿಯೊಂದೂ ಒಂದು ಸರಾಸರಿ ಬಣ್ಣ ಮತ್ತು ಅದರ ಸುತ್ತಲಿನ ಏರಿಳಿತದ ವ್ಯಾಪ್ತಿ) ಇಟ್ಟುಕೊಂಡರೆ, ಪದೇ ಪದೇ ಬರುವ ಹಸಿರಿಗೂ ಬಿಳುಪಿಗೂ ಒಂದೊಂದು ಜಾಗ ಸಿಕ್ಕಿ ಎರಡೂ ಹಿನ್ನೆಲೆಯಾಗುತ್ತವೆ. ಎಂದೂ ಬಾರದ ಮೂರನೆಯ ಬಣ್ಣ ಬಂದಾಗ ಮಾತ್ರ ಎಚ್ಚರಿಕೆ. ಎಷ್ಟು ಹಂಚಿಕೆ ಬೇಕೆಂಬುದನ್ನು ಪಿಕ್ಸೆಲ್ಲೇ ತೀರ್ಮಾನಿಸಿಕೊಳ್ಳುವಂತೆ 2004ರಲ್ಲಿ ಜಿವ್ಕೊವಿಚ್ ಮಾಡಿದ ಸುಧಾರಣೆಯೇ ಚಿತ್ರ ವಿಶ್ಲೇಷಣೆಯ ಓಪನ್‌ಸಿವಿ ತಂತ್ರಾಂಶದಲ್ಲಿ ಎಂಒಜಿ2 ಎಂಬ ಹೆಸರಿನಲ್ಲಿದೆ. ಪ್ರೋಗ್ರಾಮ್ ಬರೆಯುವ ಅಭ್ಯಾಸ ನಿಮಗಿದ್ದರೆ ಅದರ ಮೊದಲ ಹೊಂದಿಕೆಗಳನ್ನು ತಿಳಿದುಕೊಂಡೇ ಬಳಸಿ. ಅದರ ಇತಿಹಾಸದ ಉದ್ದ 500 ಚೌಕಟ್ಟು, ಅಂದರೆ 25ರ ದರದಲ್ಲಿ 20 ಸೆಕೆಂಡು. ಅಲುಗದೆ ನಿಂತವನು ಅದಕ್ಕೂ ಬಹಳ ಮುಂಚೆಯೇ ಹಿನ್ನೆಲೆಗೆ ಸೇರತೊಡಗುತ್ತಾನೆ. ನೆರಳನ್ನು ಅದು ಪ್ರತ್ಯೇಕವಾಗಿ ಗುರುತಿಸಿ, ಫಲಿತಾಂಶದ ಚಿತ್ರದಲ್ಲಿ 127 ಎಂಬ ಬೂದು ಬೆಲೆಯನ್ನು ಕೊಡುತ್ತದೆ; ನಿಜವಾದ ವಸ್ತುವಿಗೆ 255. ಈ 127ನ್ನು ತೆಗೆದುಹಾಕದೆ, ಸೊನ್ನೆಯಲ್ಲದ್ದೆಲ್ಲವೂ ವಸ್ತುವೆಂದು ಎಣಿಸುವ ತಪ್ಪನ್ನು ಹೊಸಬರು ಪದೇ ಪದೇ ಮಾಡುತ್ತಾರೆ.

ಇಷ್ಟಾದ ಮೇಲೆ ಕೈಯಲ್ಲಿರುವುದು ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಚುಕ್ಕೆಗಳು. ಒಂಟಿ ಚುಕ್ಕೆಗಳನ್ನು ಸವೆಸಿ, ಉಳಿದವನ್ನು ಮತ್ತೆ ಹಿಗ್ಗಿಸಿ, ಅಂಟಿಕೊಂಡವನ್ನು ಒಂದೊಂದು ತೇಪೆಯಾಗಿ ಗುಂಪುಮಾಡುತ್ತಾರೆ. ತೇಪೆಯ ವಿಸ್ತೀರ್ಣದ ಮೇಲೆ ಒಂದೇ ಮಿತಿ ಹಾಕಿದರೆ ಮೋಸಹೋಗುತ್ತೀರಿ, ಏಕೆಂದರೆ ದೂರ ನಿಂತ ಮನುಷ್ಯ 60 ಪಿಕ್ಸೆಲ್ ಎತ್ತರವಿದ್ದರೆ ಹತ್ತಿರ ಬಂದಾಗ 400 ಆಗಬಹುದು. ಗೇಟಿನ ಬಳಿ, ನಡುದಾರಿಯಲ್ಲಿ, ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಿ ಅಳತೆ ತೆಗೆದುಕೊಂಡು, ಚಿತ್ರದ ಆಯಾ ಭಾಗಕ್ಕೆ ಆಯಾ ಮಿತಿಯನ್ನು ಕೊಡಿ. ಮರದ ತುದಿ, ರಸ್ತೆ, ನೆರೆಯವರ ಕಿಟಕಿ ಇವನ್ನು ಚಿತ್ರದಿಂದಲೇ ಮುಚ್ಚಿಬಿಡಿ. ನೆರೆಯವರ ಮಟ್ಟಿಗೆ ಇದು ಮರ್ಯಾದೆಯ ಪ್ರಶ್ನೆಯೂ ಹೌದು.

ನನ್ನ ಅನುಭವದಲ್ಲಿ ಹುಸಿ ಎಚ್ಚರಿಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೋಸುವುದು ಗಾತ್ರವಲ್ಲ, ಪಯಣ. ಕೊಂಬೆ ಎಷ್ಟೇ ಆಡಿದರೂ ತನ್ನ ಬುಡ ಬಿಟ್ಟು ಹೋಗುವುದಿಲ್ಲ; ಎರಡು ಸೆಕೆಂಡಿನ ಬಳಿಕ ನೋಡಿದರೆ ಮೊದಲಿದ್ದ ಜಾಗದಲ್ಲೇ ಇರುತ್ತದೆ. ಮನುಷ್ಯನೂ ವಾಹನವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಾರೆ. ಹಾಗಾಗಿ ಪ್ರತಿ ತೇಪೆಯನ್ನೂ ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸಿ, ಅದು ಹುಟ್ಟಿದ ಜಾಗಕ್ಕೂ ಈಗಿರುವ ಜಾಗಕ್ಕೂ ಇರುವ ನೇರ ದೂರವನ್ನು ಅಳೆದರೆ, ಆಡುವುದು ಮತ್ತು ಹೋಗುವುದು ಬೇರ್ಪಡುತ್ತವೆ. ಹಿಂಬಾಲಿಸುವುದಕ್ಕೆ 1960ರಲ್ಲಿ ಕಾಲ್ಮನ್ ರೂಪಿಸಿದ ಶೋಧಕ (ಫಿಲ್ಟರ್ ಎಂಬ ಲೆಕ್ಕಾಚಾರದ ವಿಧಾನ) ಇಂದಿಗೂ ಬಳಕೆಯಲ್ಲಿದೆ: ವಸ್ತುವಿನ ಈವರೆಗಿನ ವೇಗದಿಂದ ಅದು ಮುಂದಿನ ಚೌಕಟ್ಟಿನಲ್ಲಿ ಎಲ್ಲಿರಬೇಕೆಂದು ಊಹಿಸಿ, ಕಂಡದ್ದರೊಂದಿಗೆ ಆ ಊಹೆಯನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಕಂಬದ ಹಿಂದೆ ಅರೆಕ್ಷಣ ಮರೆಯಾದವನು ಆಚೆಬದಿಯಲ್ಲಿ ಕಾಣಿಸಿಕೊಂಡಾಗ ಇವನು ಅವನೇ ಎಂದು ಹೇಳಲು ಈ ಊಹೆಯೇ ನೆರವಾಗುತ್ತದೆ.

ಕ್ಯಾಮೆರಾವೇ ಚಲಿಸುತ್ತಿದ್ದರೆ, ಉದಾಹರಣೆಗೆ ಡ್ರೋನಿನಲ್ಲೋ ಕಾರಿನಲ್ಲೋ ಇದ್ದರೆ, ಹಿನ್ನೆಲೆಯ ಮಾದರಿ ನಿಲ್ಲುವುದಿಲ್ಲ, ಇಡೀ ಚಿತ್ರವೇ ಸರಿಯುತ್ತಿರುತ್ತದೆ. ಆಗ ಪ್ರತಿ ಬಿಂದುವೂ ಯಾವ ದಿಕ್ಕಿಗೆ ಎಷ್ಟು ಸರಿಯಿತೆಂದು ಲೆಕ್ಕಹಾಕುವ ಆಪ್ಟಿಕಲ್ ಫ್ಲೋ ವಿಧಾನ ಬೇಕು. ಇದರ ಎರಡು ಮೂಲ ವಿಧಾನಗಳಾದ ಲ್ಯೂಕಸ್–ಕನಾಡೆ ಮತ್ತು ಹಾರ್ನ್–ಷುಂಕ್ ಎರಡೂ 1981ರವು. ಗೋಡೆಗೆ ಗಟ್ಟಿಯಾಗಿ ಕೂತ ನಿಮ್ಮ ಕ್ಯಾಮೆರಾಕ್ಕೆ ಇದು ಬೇಡ. ಆದರೆ ಕ್ಯಾಮೆರಾ ಕೂತಿರುವ ಕಂಬವೇ ಗಾಳಿಗೆ ಅಲುಗುತ್ತಿದ್ದರೆ ಮೊದಲು ಕಂಬವನ್ನು ಗಟ್ಟಿಮಾಡಿ. ಅಲುಗುವ ಕ್ಯಾಮೆರಾದ ತಪ್ಪನ್ನು ತಂತ್ರಾಂಶದಿಂದ ಸರಿಪಡಿಸುವುದಕ್ಕಿಂತ ಒಂದು ಬೋಲ್ಟ್ ಬಿಗಿಮಾಡುವುದು ಸುಲಭ.

ರಾತ್ರಿಯ ಹುಳಗಳ ವಿಷಯಕ್ಕೆ ಬರುತ್ತೇನೆ. ಅವಕೆಂಪು ದೀಪಗಳು ಮಸೂರದ ಸುತ್ತಲೇ ಇರುವುದರಿಂದ, ಕ್ಯಾಮೆರಾದಿಂದ 20 ಸೆಂಟಿಮೀಟರ್ ದೂರದಲ್ಲಿ ಹಾರುವ ಒಂದು ಚಿಟ್ಟೆಯ ಮೇಲೆ ಬೀಳುವ ಬೆಳಕು, 10 ಮೀಟರ್ ದೂರದಲ್ಲಿರುವ ಮನುಷ್ಯನ ಮೇಲೆ ಬೀಳುವ ಬೆಳಕಿಗಿಂತ ಸುಮಾರು 2,500 ಪಟ್ಟು ಪ್ರಖರ. ದೂರ 50 ಪಟ್ಟಾದರೆ ಬೆಳಕು ಅದರ ವರ್ಗದಷ್ಟು ಕುಗ್ಗುತ್ತದೆ. ಅಷ್ಟು ಹೊಳೆಯುವ, ಚಿತ್ರದ ಅರ್ಧಭಾಗವನ್ನು ಒಮ್ಮೆಗೇ ದಾಟುವ ಬಿಳಿಯ ಮುದ್ದೆಯನ್ನು ಯಾವ ವಿಸ್ತೀರ್ಣದ ಮಿತಿಯೂ ತಡೆಯಲಾರದು. ಜೇಡ ಮಸೂರದ ಮುಂದೆ ಬಲೆ ಕಟ್ಟಿದರೆ ಪ್ರತಿ ಗಾಳಿಗೂ ಇಡೀ ಚಿತ್ರ ಅಲುಗುತ್ತದೆ. ಪರಿಹಾರ ತಂತ್ರಾಂಶದಲ್ಲಿಲ್ಲ: ಕ್ಯಾಮೆರಾದ ಒಳದೀಪವನ್ನು ಆರಿಸಿ, ಬೇರೊಂದು ಅವಕೆಂಪು ದೀಪವನ್ನು ಒಂದೆರಡು ಮೀಟರ್ ಪಕ್ಕಕ್ಕೆ ಹಾಕಿ. ಆಗ ಮಸೂರದ ಹತ್ತಿರ ಹಾರುವ ಹುಳದ ಮೇಲೆ ಬೆಳಕೇ ಬೀಳುವುದಿಲ್ಲ, ಮಳೆಹನಿಗಳೂ ಬೆಳ್ಳಿಗೆರೆಗಳಂತೆ ಹೊಳೆಯುವುದಿಲ್ಲ. ಬೆಳಕು ಹೆಚ್ಚಾದಾಗ ಇನ್ನೊಂದು ಉಪಕಾರವೂ ಆಗುತ್ತದೆ. ಕತ್ತಲಲ್ಲಿ ಕ್ಯಾಮೆರಾ ಶಟರನ್ನು ಸೆಕೆಂಡಿನ 25ನೇ ಒಂದು ಭಾಗದವರೆಗೆ ತೆರೆದಿಟ್ಟರೆ ನಡೆಯುವವನ ಮುಖ ಆ ಅವಧಿಯಲ್ಲಿ 5.6 ಸೆಂಟಿಮೀಟರ್ ಸರಿದು ಕಲಸಿಹೋಗಿರುತ್ತದೆ. ಬಂದವನು ಯಾರೋ ಇದ್ದಾನೆಂದು ತಿಳಿದರೂ ಯಾರೆಂದು ತಿಳಿಯುವುದಿಲ್ಲ. ಬೆಳಕಿದ್ದರೆ ಶಟರ್ ಬೇಗ ಮುಚ್ಚುತ್ತದೆ. ಮೋಡ ಸರಿದಾಗ ಅಥವಾ ಕ್ಯಾಮೆರಾ ಹಗಲಿನಿಂದ ರಾತ್ರಿಯ ಸ್ಥಿತಿಗೆ ಬದಲಾದಾಗ ಬರುವ ಎಚ್ಚರಿಕೆಗೆ ಮದ್ದು ಸರಳ: ಒಂದೇ ಏಟಿಗೆ ಚಿತ್ರದ ಬಹುಪಾಲು ಬದಲಾದರೆ ಅದನ್ನು ಬೆಳಕಿನ ಬದಲಾವಣೆಯೆಂದು ಎಣಿಸಿ ಆ ಕೆಲವು ಚೌಕಟ್ಟುಗಳನ್ನು ಬಿಟ್ಟುಬಿಡಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಮನುಷ್ಯ ಅಥವಾ ವಾಹನ ಮಾತ್ರ. ಇಲ್ಲಿಯವರೆಗೆ ಹೇಳಿದ ಯಾವ ವಿಧಾನಕ್ಕೂ ಅದು ಏನು ಎಂದು ತಿಳಿಯದು. ಏನೋ ಸರಿಯಿತು ಎಂದಷ್ಟೇ ಅವು ಬಲ್ಲವು. ಏನು ಎಂದು ಹೇಳುವುದಕ್ಕೆ ತರಬೇತಾದ ನರಜಾಲಗಳು (ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆ ಚಿತ್ರಗಳಿಂದ ಗುರುತಿಸಲು ಕಲಿತ ತಂತ್ರಾಂಶ) ಬೇಕು. 2016ರಲ್ಲಿ ಪ್ರಕಟವಾದ ಯೋಲೊ ಮತ್ತು ಅದರ ನಂತರದ ಆವೃತ್ತಿಗಳು ಅವುಗಳಲ್ಲಿ ಹೆಚ್ಚು ಬಳಕೆಯವು. ಇವುಗಳನ್ನು ಸಾಮಾನ್ಯವಾಗಿ ತರಬೇತುಗೊಳಿಸುವ ಕೊಕೊ ಚಿತ್ರಸಂಗ್ರಹದಲ್ಲಿ ಮನುಷ್ಯ, ಬೈಸಿಕಲ್, ಕಾರು, ಬೆಕ್ಕು, ನಾಯಿ ಸೇರಿದಂತೆ 80 ವರ್ಗಗಳಿವೆ. ಆದರೆ ನೆನಪಿಡಿ, ಈ ಜಾಲಕ್ಕೆ ಚಲನೆಯ ಅರಿವಿಲ್ಲ. ಅದು ಒಂದೇ ಸ್ಥಿರಚಿತ್ರವನ್ನು ನೋಡಿ ಇಲ್ಲಿ ಕಾರಿದೆ ಎನ್ನುತ್ತದೆ, ನಿಂತ ಕಾರನ್ನೂ ಓಡುವ ಕಾರನ್ನೂ ಒಂದೇ ಬಗೆಯಲ್ಲಿ ಹೇಳುತ್ತದೆ. ಆದ್ದರಿಂದ ಎರಡನ್ನೂ ಸರಪಳಿಯಂತೆ ಜೋಡಿಸಬೇಕು. ಅಗ್ಗದ ಚಲನೆ-ಪತ್ತೆ ಮೊದಲು ಎಲ್ಲಿ ಬದಲಾಯಿತೆಂದು ಹೇಳಲಿ. ಆ ಭಾಗವನ್ನಷ್ಟೇ ಕತ್ತರಿಸಿ ಜಾಲಕ್ಕೆ ಕೊಡಿ. ಅದು ಮನುಷ್ಯ ಎಂದರೆ, ಅವನು ನಿಜವಾಗಿ ಸರಿದಿದ್ದರೆ, ಆಗ ಎಚ್ಚರಿಕೆ ಹೊರಡಲಿ. ಫ್ರಿಗೇಟ್ ಎಂಬ ಮುಕ್ತ ತಂತ್ರಾಂಶ ಕೆಲಸ ಮಾಡುವುದು ಇದೇ ಕ್ರಮದಲ್ಲಿ. ಕತ್ತರಿಸಿ ಕೊಡುವುದರಿಂದ ಇನ್ನೊಂದು ಲಾಭವಿದೆ. 1,920 ಪಿಕ್ಸೆಲ್ ಅಗಲದ ಇಡೀ ಚಿತ್ರವನ್ನು 320ಕ್ಕೆ ಕುಗ್ಗಿಸಿ ಜಾಲಕ್ಕೆ ಕೊಟ್ಟರೆ ಗೇಟಿನ ಬಳಿಯ 60 ಪಿಕ್ಸೆಲ್ ಎತ್ತರದ ಮನುಷ್ಯ 10 ಪಿಕ್ಸೆಲ್‌ನ ಕಡ್ಡಿಯಾಗಿಬಿಡುತ್ತಾನೆ, ಅವನನ್ನು ಗುರುತಿಸುವುದು ಜಾಲಕ್ಕೂ ಕಷ್ಟ. ಅವನಿರುವ ಭಾಗವನ್ನು ಮಾತ್ರ ಕೊಟ್ಟರೆ ಅವನು 60 ಪಿಕ್ಸೆಲ್ ಆಗಿಯೇ ಉಳಿಯುತ್ತಾನೆ.

ಎರಡರಲ್ಲಿ ಯಾವುದನ್ನು ನಂಬಬೇಕೆಂದು ನೀವು ಕೇಳಿದ್ದಿರಿ. ನಿಮ್ಮ ಸ್ಥಿತಿಯಲ್ಲಿ ಪಿಐಆರ್ ಎಬ್ಬಿಸುವ ಕೆಲಸಕ್ಕೆ, ಕ್ಯಾಮೆರಾ ತೀರ್ಪು ಹೇಳುವ ಕೆಲಸಕ್ಕೆ ಎಂದು ಹಂಚಿಕೊಡುವುದು ನನ್ನ ಸಲಹೆ. ಗಾಳಿಗೆ ಆಡುವ ಕೊಂಬೆ ಮೈಶಾಖ ಸೂಸುವುದಿಲ್ಲವಾದ್ದರಿಂದ ಪಿಐಆರ್ ಅದನ್ನು ಬಹುಮಟ್ಟಿಗೆ ಕಡೆಗಣಿಸುತ್ತದೆ. ಬೆಕ್ಕಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಪಿಐಆರ್‌ಗೆ ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಕಾಡಿನಲ್ಲಿ ಪ್ರಾಣಿಗಳ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳು ತಿಂಗಳುಗಟ್ಟಲೆ ಬ್ಯಾಟರಿಯ ಮೇಲೆ ನಡೆಯುವುದು ಇದೇ ಏರ್ಪಾಡಿನಿಂದ: ಪಿಐಆರ್ ಅತ್ಯಲ್ಪ ವಿದ್ಯುತ್ತಿನಲ್ಲಿ ಎಚ್ಚರವಾಗಿರುತ್ತದೆ, ಕ್ಯಾಮೆರಾ ನಿದ್ರಿಸುತ್ತಿರುತ್ತದೆ. ಆದರೆ ಕ್ಯಾಮೆರಾ ಏಳಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಓಡುವ ಪ್ರಾಣಿ ಚೌಕಟ್ಟಿನಿಂದ ಹೊರಗೆ ಹೋಗಿರುವುದೂ ಉಂಟು. ನಿಮ್ಮಲ್ಲಿ ನಿರಂತರ ವಿದ್ಯುತ್ ಇದ್ದರೆ ಕ್ಯಾಮೆರಾವನ್ನು ಮಲಗಿಸಬೇಡಿ. ಕೊನೆಯ ಹತ್ತು ಸೆಕೆಂಡಿನ ದೃಶ್ಯವನ್ನು ಸದಾ ನೆನಪಿನಲ್ಲಿಟ್ಟುಕೊಂಡು, ಪಿಐಆರ್ ಸಂಕೇತ ಬಂದಾಗ ಅದನ್ನೂ ಸೇರಿಸಿ ಉಳಿಸುವಂತೆ ಮಾಡಿ. ಬಂದವನು ಗೇಟು ತೆರೆದ ಕ್ಷಣವೂ ಆಗ ನಿಮಗೆ ಸಿಗುತ್ತದೆ. ಬಿಸಿಲು ಹೊತ್ತಿನಲ್ಲಿ ಪಿಐಆರ್ ಕುರುಡಾಗುವುದರಿಂದ, ಆ ಕೆಲವು ಗಂಟೆಗಳಲ್ಲಿ ಮಾತ್ರ ಕ್ಯಾಮೆರಾದ ಚಲನೆ-ಪತ್ತೆಯೂ ತಾನಾಗಿ ಎಚ್ಚರಿಕೆ ಎಬ್ಬಿಸಲಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಪಿಐಆರ್ ಸೆನ್ಸರನ್ನು ಪಕ್ಕದ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದೊಂದು ಮೀಟರಿಗೆ ಗುರುತು ಹಾಕಿ, ಇನ್ನೊಬ್ಬರನ್ನು ನಿಧಾನವಾಗಿ, ಸಹಜವಾಗಿ, ಬಿರುಸಾಗಿ ಹೀಗೆ ಮೂರು ವೇಗದಲ್ಲಿ ನಡೆಸಿ, ಸಂಕೇತ ಬಂದ ಗುರುತುಗಳನ್ನು ಬರೆದುಕೊಳ್ಳಿ. ಪ್ರತಿ ನಡಿಗೆಯ ನಡುವೆ ಸೆನ್ಸರ್ ಪೂರ್ತಿ ತಣಿಯಲು ಅರ್ಧ ನಿಮಿಷ ಬಿಡಿ. ಇದನ್ನು ನಸುಕಿನಲ್ಲಿ ಒಮ್ಮೆ, ನಡುಹಗಲಿನಲ್ಲಿ ಒಮ್ಮೆ, ನಡುರಾತ್ರಿಯಲ್ಲಿ ಒಮ್ಮೆ ಮಾಡಿ. ಆನಂತರ ಅವಕೆಂಪು ದೀಪವನ್ನು ಬೇರ್ಪಡಿಸಿ, ಕ್ಯಾಮೆರಾದ ಚಿತ್ರದಲ್ಲಿ ಬೇಡದ ಭಾಗಗಳನ್ನು ಮುಚ್ಚಿ, ಒಂದು ವಾರ ಬರುವ ಪ್ರತಿ ಹುಸಿ ಎಚ್ಚರಿಕೆಯ ಹೊತ್ತು, ಜಾಗ, ಕಾರಣಗಳನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡ ಮೇಲೆಯೇ ಮಿತಿಗಳನ್ನು ಬದಲಿಸಿ, ಅದೂ ಒಂದು ಸಲಕ್ಕೆ ಒಂದನ್ನು ಮಾತ್ರ. ಎರಡು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತೆಂದು ನಿಮಗೆ ತಿಳಿಯುವುದಿಲ್ಲ. ನರಜಾಲದ ಹಂತವನ್ನು ಇದೆಲ್ಲ ಮುಗಿದ ಮೇಲೆ ಸೇರಿಸಿ, ಏಕೆಂದರೆ ಸೆನ್ಸರ್ ಕಾಣದೆ ಬಿಟ್ಟದ್ದನ್ನು ಯಾವ ಜಾಲವೂ ಆಮೇಲೆ ಕಂಡುಹಿಡಿಯಲಾರದು.